ಎಂಟು ಜನರಿಗೆ ನಾಲ್ಕು ಕ್ಯಾಬಿನ್ ಸಾಕೇ?

ಪ್ರಶ್ನೆ: ನಾವು ಎಂಟು ಮಂದಿ ಗೆಳೆಯರು ಒಂದು ವಾರ ಕೆಟಮರಾನ್ (ಎರಡು ಒಡಲುಗಳ ದೋಣಿ) ಬಾಡಿಗೆಗೆ ಹಿಡಿದು ದ್ವೀಪಗಳನ್ನು ಸುತ್ತಬೇಕೆಂದಿದ್ದೇವೆ. ನಾಲ್ಕು ಕ್ಯಾಬಿನ್ನಿನದು ಸಾಕೇ? ಏನೇನು ನೋಡಿಕೊಳ್ಳಬೇಕು?

ಉತ್ತರ: ನಿಮ್ಮಲ್ಲೊಬ್ಬರಿಗೆ ದೋಣಿ ನಡೆಸುವ ಲೈಸೆನ್ಸೂ ಅನುಭವವೂ ಇದ್ದರೆ ನಾಲ್ಕು ಕ್ಯಾಬಿನ್ ಸಾಕು. ಇಲ್ಲದಿದ್ದರೆ ದೋಣಿ ನಡೆಸುವ ಸ್ಕಿಪ್ಪರ್ ಬೇಕು, ಅವರಿಗೂ ಮಲಗುವ ಜಾಗ ಬೇಕು. ಊಟದ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಡೀಸೆಲ್, ಬಂದರು ಶುಲ್ಕ ಬಾಡಿಗೆಯಲ್ಲಿ ಸೇರಿವೆಯೇ, ಠೇವಣಿ ಎಷ್ಟು ಎಂದು ಬರಹದಲ್ಲೇ ಪಡೆಯಿರಿ.

ಜಾಗಕ್ಕಿಂತ ಮೊದಲು ಮುಗಿಯುವುದು ನೀರು. ಟ್ಯಾಂಕು 600 ಲೀಟರಿನದಾಗಿ, ಎಂಟು ಮಂದಿ ದಿನಕ್ಕೆ ತಲಾ 25 ಲೀಟರ್ ಬಳಸಿದರೆ ಮೂರೇ ದಿನ. ತಲೆಸ್ನಾನದ ಪ್ರಿಯರಿಗೆ ಇದನ್ನು ಮೊದಲೇ ಹೇಳಿಬಿಡಿ! ಶೌಚಾಲಯದ ಕೊಳವೆ ಸಪೂರ, ಕಾಗದ ಹಾಕಿದರೆ ಕಟ್ಟಿಕೊಳ್ಳುತ್ತದೆ. ಗಟ್ಟಿ ಸೂಟ್‌ಕೇಸ್ ಇಡಲು ಜಾಗವಿರುವುದಿಲ್ಲ, ಮಡಚುವ ಬಟ್ಟೆಯ ಚೀಲವೇ ಸರಿ.

ದೋಣಿ ವಶಕ್ಕೆ ಪಡೆಯುವಾಗ ಅವಸರ ಬೇಡ. ಎರಡೂ ಎಂಜಿನ್, ದಡಕ್ಕೆ ಹೋಗಿಬರುವ ಪುಟ್ಟ ದೋಣಿಯ ಮೋಟಾರು ಚಾಲೂ ಮಾಡಿಸಿ; ಹಳೆಯ ಗೀರುಗಳ ಫೋಟೊ ತೆಗೆಯಿರಿ, ಠೇವಣಿಯ ಜಗಳ ಹುಟ್ಟುವುದೇ ಅಲ್ಲಿ. ಲಂಗರು ಎತ್ತುವ ಯಂತ್ರದಿಂದ ಲಂಗರನ್ನು ಇಳಿಸಿ, ಏರಿಸಿ ನೋಡಿ.

ಹೊಸಬರು ಎಡವುವುದು ಲಂಗರಿನಲ್ಲಿ. ಎಷ್ಟು ಸರಪಳಿ ಬಿಡಬೇಕೆಂದು ಲೆಕ್ಕ ಹಾಕುವಾಗ ನೀರಿನ ಆಳಕ್ಕೆ, ನೀರಿನಿಂದ ದೋಣಿಯ ಮೂತಿಯ ಎತ್ತರವನ್ನೂ ಕೂಡಿಸಬೇಕು: 5 ಮೀಟರ್ ಆಳ, 1.5 ಮೀಟರ್ ಎತ್ತರವಾದರೆ ಐದು ಪಟ್ಟು, ಅಂದರೆ ಸುಮಾರು 33 ಮೀಟರ್ ಸರಪಳಿ. ಗಾಳಿ ಜೋರಾದರೆ ಏಳು ಪಟ್ಟು. ಆಮೇಲೆ ಎರಡೂ ಒಡಲುಗಳಿಂದ ಬರುವ ಹಗ್ಗವನ್ನು ಸರಪಳಿಗೆ ಕೊಕ್ಕೆ ಹಾಕಿ ಬಿಗಿಯಿರಿ. ಅದನ್ನು ಮರೆತರೆ ಎಳೆತವೆಲ್ಲ ಯಂತ್ರದ ಮೇಲೆ ಬೀಳುತ್ತದೆ, ದೋಣಿಯೂ ರಾತ್ರಿಯಿಡೀ ಅತ್ತಿತ್ತ ಓಲಾಡುತ್ತದೆ.