ಎಂಜಿಬಿ: ಹಿಂದಿನ ಟೈರ್ ಫೆಂಡರಿಗೆ ಉಜ್ಜುತ್ತಿದ್ದರೆ

ನಿಮ್ಮ ಎಂಜಿಬಿಗೆ (ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಮುಂದೆ 165/80 ಆರ್14 ಟೈರುಗಳನ್ನು ಉಳಿಸಿಕೊಂಡು ಹಿಂದೆ ಮಾತ್ರ 185/70 ಆರ್14 ಹಾಕಿಸಿದ ಮೇಲೆ, ಹುಬ್ಬಳ್ಳಿಯ ಉಣಕಲ್ ಕಡೆಯ ಹಂಪ್ ಇಳಿಯುವಾಗಲೆಲ್ಲ ಹಿಂದಿನ ಎಡಗಡೆಯ ಟೈರ್ ಫೆಂಡರಿಗೆ (ಚಕ್ರದ ಮೇಲಿನ ಹೊದಿಕೆ) ಉಜ್ಜುತ್ತಿದೆ ಎಂದು ಕೇಳಿದ್ದೀರಿ. ಈ ಗುರುತಿನಲ್ಲಿ ಮೊದಲ ಅಂಕಿ ಮಿ.ಮೀ.ನಲ್ಲಿ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾವಾರು ಬದಿಯ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಉಜ್ಜುವುದಕ್ಕೆ ಬಹುಶಃ ಟೈರಿನ ಅಗಲವೇ ಕಾರಣ, ಎತ್ತರವಲ್ಲ. ಲೆಕ್ಕದ ಪ್ರಕಾರ ಎರಡರ ವ್ಯಾಸ ಸುಮಾರು 620 ಮತ್ತು 615 ಮಿ.ಮೀ.; ಆದರೆ ಹೊಸ ಟೈರ್ ಪ್ರತಿ ಬದಿಗೂ 10 ಮಿ.ಮೀ.ನಷ್ಟು ಹೊರಚಾಚುತ್ತದೆ, ಕಡ್ಡಿಚಕ್ರದ (ಸ್ಪೋಕ್ ವೀಲ್) ಎಂಜಿಬಿಯಲ್ಲಿ ಅಷ್ಟು ಜಾಗವಿರುವುದೇ ಅಪರೂಪ.

ಮೊದಲು ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಟೈರಿಗೂ ಫೆಂಡರಿನ ಒಳಮಡಿಕೆಗೂ ನಡುವಿನ ಅಂತರವನ್ನು ಎರಡೂ ಕಡೆ ಅಳೆಯಿರಿ. ಎಡ-ಬಲದ ಅಂತರದಲ್ಲಿ ಸ್ವಲ್ಪ ವ್ಯತ್ಯಾಸ ಈ ಕಾರುಗಳಲ್ಲಿ ಸಾಮಾನ್ಯ. ವ್ಯತ್ಯಾಸ ಹೆಚ್ಚಿದ್ದರೆ ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಬುಷ್‌ಗಳನ್ನು, ಅಂದರೆ ಅದರ ಜೋಡಣೆಯ ರಬ್ಬರ್ ತುಂಡುಗಳನ್ನು, ನೋಡಿಸಿ. ಸ್ಪ್ರಿಂಗಿನ ಪಟ್ಟಿಗಳು ಕುಸಿದಿವೆಯೇ ಎಂಬುದನ್ನು ಫೋಟೋ ಇಲ್ಲದೆ ಹೇಳಲಾರೆ.

ಬಳಿಕ ನಾಲ್ಕೂ ಚಕ್ರಗಳಿಗೆ 165/80 ಅನ್ನೇ ಹಾಕಿಸಿ. ಹಿಂದೆ ಮಾತ್ರ ಅಗಲವಾದರೆ ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಜಾರುತ್ತದೆ. ನೋಟದ ಠೀವಿಗೆ ತೆರುವ ಬೆಲೆ ಅದು. ಅಂಗಡಿಯವರು 185/60 ತೋರಿಸಿದರೆ ಬೇಡವೆನ್ನಿ: ವ್ಯಾಸ 578 ಮಿ.ಮೀ.ಗೆ ಇಳಿದು, ಮೊದಲೇ ತಗ್ಗಾಗಿರುವ ಕಾರು ಇನ್ನೂ 21 ಮಿ.ಮೀ. ತಗ್ಗುತ್ತದೆ, ಸ್ಪೀಡೋಮೀಟರ್ ಕೂಡ ಸುಮಾರು ಶೇ. 7ರಷ್ಟು ಹೆಚ್ಚು ತೋರಿಸುತ್ತದೆ. ಕಡ್ಡಿಚಕ್ರವಾದ್ದರಿಂದ ಟ್ಯೂಬ್ ಹಾಗೂ ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ತಡೆಯುವ ರಿಮ್ ಟೇಪ್ ಹಾಕಿಸುವುದನ್ನು ಮರೆಯಬೇಡಿ.