ಹಂಚಿನ ಮೇಲಿನ 1865

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: "ಡಿಸೆಂಬರ್ ರಜೆಯಲ್ಲಿ ಮೂಡುಬಿದಿರೆಗೆ ಬಂದಿದ್ದೆವು. ಬಸದಿಗಳ ಹತ್ತಿರವೇ ಒಂದು ಹಳೇ ಹಂಚಿನ ಮನೆ ಮಾರಾಟಕ್ಕಿದೆ. ಹಂಚಿನ ಮೇಲೆ 1865 ಎಂದು ಅಚ್ಚಾಗಿದೆ, ಮನೆಗೂ ಅಷ್ಟೇ ವಯಸ್ಸಂತೆ. ನನ್ನ ಯಜಮಾನರಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ನನ್ನದು ಮನೆಯಿಂದಲೇ ಕೆಲಸ. ಮಗಳು ಎರಡನೇ ಕ್ಲಾಸು. ಹಳೇ ಊರುಗಳ ಬಗ್ಗೆ ನೀವು ಚೆಂದ ಮಾಡಿ ಬರೆಯುತ್ತೀರಿ. ನಿಜ ಹೇಳಿ, ಅಲ್ಲಿ ಬದುಕಬಹುದಾ?"

ಸಂಪಾದಕರ ಉತ್ತರ:

ಮೊದಲು ಆ 1865ರ ವಿಷಯ ಮುಗಿಸಿಬಿಡೋಣ. ಅದು ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ತಯಾರಾದ ಹಂಚುಗಳ ಮೇಲೂ ಅದೇ ವರ್ಷ ಅಚ್ಚಾಗುತ್ತಾ ಬಂತು. ನಿಮ್ಮ ಮನೆ 1930ರದ್ದೂ ಇರಬಹುದು. ಬ್ರೋಕರ್ ಸುಳ್ಳು ಹೇಳಿದರು ಅಂತಲ್ಲ, ಪಾಪ, ಅವರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಆ ವರ್ಷ ತೋರಿಸಿ ರೇಟು ಜಾಸ್ತಿ ಹೇಳಿದ್ದರೆ ಖಂಡಿತ ಚೌಕಾಶಿ ಮಾಡಿ.

ಇನ್ನು ಬದುಕಬಹುದಾ ಅಂತ ಕೇಳಿದ್ದೀರಿ. ನಾನೇ ಬದುಕುತ್ತಿದ್ದೇನೆ ಮಾರಾಯ್ರೇ. ಪತ್ರಿಕೆಯ ಕೆಲಸ ಮಂಗಳೂರಿನಲ್ಲಿ, ಮನೆ ಇಲ್ಲಿ. ನಡುವೆ ಸುಮಾರು 35 ಕಿಲೋಮೀಟರ್. ರೈಲು ಇಲ್ಲ, ಬಸ್ಸೇ ಗತಿ. ಸಂಜೆ ಕಂಡಕ್ಟರ್ "ಬೆದ್ರ, ಬೆದ್ರ" ಅಂತ ಕೂಗುವುದು ಕೇಳಿ ಬೇರೆ ಊರು ಅಂದುಕೊಳ್ಳಬೇಡಿ. ತುಳುವಿನಲ್ಲಿ ಮೂಡುಬಿದಿರೆಗೆ ಬೆದ್ರ ಅಂತಲೇ ಹೆಸರು. ವಾಮಂಜೂರು, ಗುರುಪುರ, ಕೈಕಂಬ, ಎಡಪದವು ದಾಟಿ ಮನೆ ಸೇರಲು ಒಂದು ಗಂಟೆಯ ಮೇಲೆ ಬೇಕು. ನಿಮ್ಮ ಯಜಮಾನರಿಗೆ ಇದು ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಮುಂದೆ ಏನೂ ಅಲ್ಲ ಅನ್ನಿಸಬಹುದು. ಮಗಳ ಶಾಲೆಯ ಚಿಂತೆ ಬೇಡ, ಈಗಿನ ಮೂಡುಬಿದಿರೆ ಬೆಳೆದದ್ದೇ ವಿದ್ಯಾಸಂಸ್ಥೆಗಳಿಂದ.

ನನಗೆ ಅಳುಕು ಇರುವುದು ನೀವು ಬರೆದ 'ಡಿಸೆಂಬರ್' ಎಂಬ ಒಂದು ಶಬ್ದದ ಮೇಲೆ. ಡಿಸೆಂಬರಿನಲ್ಲಿ ನಮ್ಮೂರು ಯಾರಿಗೂ ಇಷ್ಟವಾಗುತ್ತದೆ. ಬೆಳಿಗ್ಗೆ ಸಣ್ಣ ಚಳಿ, ಬಸದಿಯ ಕಲ್ಲಿನ ಮೇಲೆ ಎಳೆ ಬಿಸಿಲು, ಅಂಗಳದಲ್ಲಿ ಒಣ ಹಾಕಿದ ಅಡಿಕೆ. ಸಾವಿರ ಕಂಬದ ಬಸದಿ ನೋಡುವಾಗ ಎಲ್ಲರೂ ಕಂಬಗಳನ್ನೇ ನೋಡುತ್ತಾರೆ. ಒಂದರಂತೆ ಇನ್ನೊಂದಿಲ್ಲ ಅಂತ ಗೈಡ್ ಹೇಳುತ್ತಾನೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಮುಂದಿನ ಸಲ ಸ್ವಲ್ಪ ಹಿಂದೆ ನಿಂತು ಅದರ ಮಾಡು, ಅಂದರೆ ಛಾವಣಿ, ನೋಡಿ. 1430ರಲ್ಲಿ ಕಟ್ಟಿದ ಆ ಬಸದಿಯ ಮಾಡು ಇಳಿಜಾರು. ಕೆಳಗಿನ ಅಂತಸ್ತಿನಲ್ಲಿ ಕಲ್ಲಿನ ಚಪ್ಪಡಿಗಳನ್ನೇ ಹಂಚಿನ ಹಾಗೆ ಇಳಿ ಬಿಟ್ಟು ಹೊದಿಸಿದ್ದಾರೆ. ಘಟ್ಟದ ಮೇಲಿನ ದೇವಸ್ಥಾನಗಳಲ್ಲಿ ಹೀಗೆ ಕಾಣುವುದು ಕಡಿಮೆ. ಕಟ್ಟಿದವರಿಗೆ ಮಳೆಯದ್ದೇ ಯೋಚನೆ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ನಿಮ್ಮ ಹಂಚಿನ ಮನೆಯ ಕಥೆಯೂ ಅದೇ. ಮೇ ತಿಂಗಳಲ್ಲಿ ಒಬ್ಬರು ಮಾಡಿಗೆ ಹತ್ತಬೇಕು. ಪಾಚಿ ಕೆರೆಯಬೇಕು, ಹಲಸಿನ ಎಲೆ ಗುಡಿಸಬೇಕು, ಒಡೆದ ಹಂಚು ತೆಗೆದು ಬೇರೆ ಇಡಬೇಕು. ಇದರಲ್ಲೊಂದು ಪೇಚು ಇದೆ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಹಳೇ ಕಾರ್ಖಾನೆಗಳು ಹೆಚ್ಚಿನವು ಮುಚ್ಚಿವೆ. ಹಾಗಾಗಿ ಇಲ್ಲಿನವರು ಯಾರಾದರೂ ಹಳೇ ಮನೆ ಕೆಡವಿದರೆ ಮೊದಲು ಓಡುವುದು ಹಂಚು ಕೇಳಲಿಕ್ಕೆ. ನನ್ನ ಮನೆಯ ಹಿಂದೆ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಇನ್ನೂರು ಹಂಚು ಅಡ್ಡ ಜೋಡಿಸಿಟ್ಟಿದ್ದೇನೆ. ಹೆಂಡತಿ ಅದನ್ನು "ನಿಮ್ಮ ಫಿಕ್ಸೆಡ್ ಡಿಪಾಸಿಟ್" ಅನ್ನುತ್ತಾಳೆ.

ಒಂದು ವರ್ಷ ಸುಮ್ನೆ ಉದಾಸೀನ ಮಾಡಿದೆ. ಹತ್ತುವವರು ಸಿಗಲಿಲ್ಲ ಅಂತ ಒಬ್ಬ ಮೇಸ್ತ್ರಿಯ ಮಾತು ಕೇಳಿ ಹಂಚಿನ ಸಂದಿಗೆಲ್ಲ ಸಿಮೆಂಟು ಬಳಿಸಿದೆ. ಜುಲೈಯಲ್ಲಿ ಒಂದು ರಾತ್ರಿ ಟಪ್ ಅಂತ ಶಬ್ದ. ಎದ್ದು ಹುಡುಕಿದರೆ ನೆಲದಲ್ಲಿ ಎಲ್ಲೂ ನೀರಿಲ್ಲ. ಸಿಮೆಂಟು ಬಿರುಕು ಬಿಟ್ಟು, ನೀರು ಮಾಡಿನ ಮರದ ಪಕ್ಕಾಸಿನ ಉದ್ದಕ್ಕೂ ಇಳಿದು, ಎರಡು ಕೋಣೆ ದಾಟಿ, ಪುಸ್ತಕದ ಕಪಾಟಿನ ಒಳಗೆ ಬೀಳುತ್ತಿತ್ತು. ಮಳೆ ಮುಗಿದ ಮೇಲೆ ಆ ಸಿಮೆಂಟು ತೆಗೆಸುವಾಗ ಒಳ್ಳೆಯ ಹಂಚು ಕೂಡ ನಲ್ವತ್ತು ಒಡೆದವು.

ಆಗೆಲ್ಲ ನನಗೆ ಇಲ್ಲಿನ ತಾಳೆಗರಿಗಳು ನೆನಪಾಗುತ್ತವೆ. ಜೈನರ ಪವಿತ್ರ ಗ್ರಂಥ ಷಟ್ಖಂಡಾಗಮ, ಅದಕ್ಕೆ ಬರೆದ ವ್ಯಾಖ್ಯಾನವಾದ ಧವಲಾ ಟೀಕೆ ಬೇರೆ ಕಡೆ ಕಳೆದುಹೋದಾಗಲೂ ಇಲ್ಲಿನ ಬಸದಿಯಲ್ಲಿ ಶತಮಾನಗಟ್ಟಲೆ ಉಳಿದವು. ಚರ್ಮದ ಚಪ್ಪಲಿ ಹದಿನೈದು ದಿನಕ್ಕೆ ಬೂಸ್ಟು ಹಿಡಿಯುವ ಊರು ಇದು. ಇಲ್ಲಿ ತಾಳೆಗರಿ ಉಳಿಯಿತು ಅಂದರೆ ಎಷ್ಟು ತಲೆಮಾರಿನವರು ಅದನ್ನು ಜೋಪಾನ ಮಾಡಿರಬೇಕು, ಅಲ್ವಾ? ಒಂದು ಕಪಾಟು ನೋಡಿಕೊಳ್ಳಲು ಆಗದ ನಾನು ಸಂಪಾದಕ.

ಮಾಡು ಸರಿ ಇದ್ದರೂ ಕಾಗದ ಸರಿ ಇರಬೇಕು. ಇಲ್ಲಿ ಹಳೇ ಮನೆ ಅಂದರೆ ಹೆಚ್ಚಾಗಿ ಕುಟುಂಬದ ಮನೆ. ಅಳಿಯಕಟ್ಟಿನ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಬರುತ್ತಿದ್ದ ಪದ್ಧತಿಯ, ಕಾಲದಿಂದ ಬಂದದ್ದಾದರೆ ಪಾಲುದಾರರು ಮುಂಬೈ, ದುಬೈ ಎಲ್ಲೆಲ್ಲೋ ಇರುತ್ತಾರೆ. ಎಲ್ಲರ ಸಹಿ ಆಗದೆ ಅಡ್ವಾನ್ಸ್ ಕೊಡಬೇಡಿ. ಆಮೇಲೆ ಹಿತ್ತಿಲು ಸುತ್ತಿ ನೋಡಿ. ನಾಗಬನ ಇದೆಯಾ? ಒಳಗೆ ದೈವದ ಕೋಣೆ ಇದೆಯಾ? ಇದ್ದರೆ ನಾಗರ ಪಂಚಮಿಗೆ ತನು (ಹಾಲು) ಎರೆಯಲು, ತಂಬಿಲ ಎಂಬ ಪೂಜೆಗೆ ಆ ಕುಟುಂಬದವರು ಬಂದೇ ಬರುತ್ತಾರೆ. ಅವತ್ತು ನಿಮ್ಮ ಗೇಟು ತೆರೆದಿರಬೇಕು. ಇದನ್ನು ಮೊದಲೇ ಕೂತು ಮಾತಾಡಿಕೊಂಡರೆ ಚೆಂದ. ಮಾತಾಡದೆ ಬೀಗ ಹಾಕಿದರೆ ಊರೇ ನಿಮಗೆ ದೂರ. ಹಾಗೆಯೇ, ಮನೆಯ ಹತ್ತಿರ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ ಏನಾದರೂ ಇದ್ದರೆ, 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಆಚೆಗಿನ 200 ಮೀಟರಿಗೂ ಅನುಮತಿ ಬೇಕು. ಮೇಲೊಂದು ಮಾಳಿಗೆ ಎತ್ತುವ ಆಸೆ ಇದ್ದರೆ ಈಗಲೇ ವಿಚಾರಿಸಿ.

ನಿಮ್ಮ ಮನೆಯಿಂದ ಕೆಲಸದ ಬಗ್ಗೆ ಎರಡು ಮಾತು. ಇನ್ವರ್ಟರ್ ಬೇಕೇ ಬೇಕು. ಗುಡುಗು ಕೇಳಿದ ಕೂಡಲೇ ಮೋಡೆಮ್ ಪ್ಲಗ್ ಎಳೆಯಬೇಕು, ಮೀಟಿಂಗ್ ನಡುವೆ ಇದ್ದರೂ. ನಾನು ಎರಡು ಮೋಡೆಮ್ ಸುಟ್ಟ ಮೇಲೆ ಕಲಿತೆ.

ಜನರು? ಒಳ್ಳೆಯವರು, ಆದರೆ ಕೇಳುವುದು ಜಾಸ್ತಿ. ಸಂಬಳ ಎಷ್ಟು, ಒಬ್ಬಳೇ ಮಗಳಾ, ಇವತ್ತು ಮೀನು ಯಾವುದು, ಎಲ್ಲ ಕೇಳುತ್ತಾರೆ. ಕನ್ನಡದಲ್ಲೇ ಮಾತಾಡಿಸುತ್ತಾರೆ, ಅದೂ ನಿಮಗಿಂತ ಶುದ್ಧ ಕನ್ನಡದಲ್ಲಿ. ನಿಮ್ಮ ಮಗಳು ಆರು ತಿಂಗಳಲ್ಲಿ ತುಳು ಕಲಿತು ಬಿಡುತ್ತಾಳೆ. ಕಡಲಕೆರೆಯ ಕಂಬಳಕ್ಕೆ ಕರೆದುಕೊಂಡು ಹೋಗಿ ಅಂತ ಹಟ ಹಿಡಿಯುವವಳೂ ಅವಳೇ. ಪಕ್ಕದ ಮನೆಯವರು ಬೇಲಿಯಾಚೆಯಿಂದ "ವಣಸ್ ಆಂಡಾ?" ಅಂದರೆ ಊಟ ಆಯಿತಾ ಅಂತ. ಆಗದಿದ್ದರೂ ಆಯಿತು ಅನ್ನಿ. ಇಲ್ಲದಿದ್ದರೆ ಅವರು ಬಿಡುವುದಿಲ್ಲ.

ಈಗಲೇ ಮುಂಗಡ ಕೊಡಬೇಡಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಕೊನೆಯ ಹೊತ್ತಿಗೆ, ಇನ್ನೊಮ್ಮೆ ಬನ್ನಿ. ಎರಡು ದಿನ ಎಡೆಬಿಡದೆ ಮಳೆ ಹೊಡೆದ ಮೇಲೆ ಆ ಮನೆಯ ಒಳಗೆ ಹೋಗಿ. ಟಾರ್ಚು ಇರಲಿ. ಮುಚ್ಚಿಗೆಯ (ಅಟ್ಟದ) ಮೇಲೆ ಹತ್ತಿ ಪಕ್ಕಾಸು, ಅದರ ಮೇಲಿನ ರೀಪುಗಳನ್ನು ಉಗುರಿನಿಂದ ಒತ್ತಿ ನೋಡಿ, ಒರಲೆ (ಗೆದ್ದಲು) ತಿಂದಿದ್ದರೆ ಪುಡಿ ಉದುರುತ್ತದೆ. ಬಾವಿಯನ್ನು ಮಾತ್ರ ಮಳೆಗಾಲದಲ್ಲಿ ನೋಡಿ ನಂಬಬೇಡಿ. ಮೇ ತಿಂಗಳಲ್ಲಿ ನೀರು ಎಷ್ಟಿರುತ್ತದೆ ಅಂತ ಪಕ್ಕದ ಮನೆಯ ಅಜ್ಜಿಯನ್ನು ಕೇಳಿ. ಆಟಿ ಅಮಾವಾಸ್ಯೆಯ ದಿನವೇ ಬಂದಿರಾದರೆ ಬೆಳಿಗ್ಗೆ ಬರೀ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ ಕೊಡುತ್ತಾರೆ. ವಿಪರೀತ ಕಹಿ. ಒಂದೇ ಗುಟುಕಿಗೆ ಕುಡಿದುಬಿಡಿ, ಹಿಂದೆಯೇ ಮೆಂತೆ ಗಂಜಿ ಬರುತ್ತದೆ.