ಹೊರಗಿನ ಡಿಆರ್‌ಎಲ್ ಹಾಕಿಸುವ ಮುಂಚೆ

ಶಿರಸಿ-ಕುಮಟಾ ಓಡಾಡುವ ಕಾರಿಗೆ ಹೊರಗಡೆ ಅಂಗಡಿಯಲ್ಲಿ ಡಿಆರ್‌ಎಲ್ (ಹಗಲಲ್ಲೂ ಉರಿಯುವ ಮುಂದಿನ ದೀಪ) ಹಾಕಿಸಿದರೆ ದಂಡ ಬೀಳುತ್ತಾ ಅಂತ ಕೇಳಿದ್ದೀರಿ. ಬೀಳಬಹುದು. ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ, ನಿಯಮಕ್ಕೆ ಒಪ್ಪದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಮುಂದುಗಡೆ ಕೆಂಪು ಬೆಳಕು ಬೇಡವೇ ಬೇಡ. ಬಣ್ಣ ಬದಲಿಸುವ ದೀಪದ ಪಟ್ಟಿಯೂ ಬೇಡ. ನಿಮ್ಮ ಮಾಡೆಲ್‌ಗೆ ಕಂಪನಿಯೇ ಕೊಡುವ ಬಿಳಿ ಡಿಆರ್‌ಎಲ್ ಇದ್ದರೆ ಶೋರೂಮಿನಲ್ಲೇ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ನನ್ನ ಕಾರಿಗೆ ಹೊರಗಡೆ ಒಬ್ಬರು ಹೆಡ್‌ಲೈಟ್ ವೈರ್ ಸುಲಿದು ಡಿಆರ್‌ಎಲ್ ಜೋಡಿಸಿದ್ದರು. ಒಂದೇ ಮಳೆಗಾಲಕ್ಕೆ ಟೇಪ್ ಬಿಚ್ಚಿ, ತಾಮ್ರ ಹಸಿರುಗಟ್ಟಿತ್ತು.

ಆ ದಾರಿಯ ದೇವಿಮನೆ ಘಾಟಿನ ಮಂಜಿಗೆ ಅಂತ ಹಾಕಿಸುವುದಾದರೆ ಸುಮ್ನೆ ದುಡ್ಡು ದಂಡ. ಡಿಆರ್‌ಎಲ್ ಉರಿದರೂ ಹೆಚ್ಚಿನ ಕಾರುಗಳಲ್ಲಿ ಹಿಂದಿನ ದೀಪ ಹತ್ತುವುದಿಲ್ಲ. ಹಿಂದೆ ಬರುವ ಲಾರಿಗೆ ನೀವು ಕಾಣಬೇಕಲ್ವಾ? ಅಲ್ಲಿ ಹಗಲಲ್ಲೂ ಹೆಡ್‌ಲೈಟಿನ ಲೋ ಬೀಮ್ ಹಾಕಿಕೊಂಡೇ ಹೋಗಿ, ಆಗ ಹಿಂದಿನ ದೀಪವೂ ಹತ್ತುತ್ತದೆ.